ಬೊಗಳುವ ನಾಯಿ ಕಚ್ಚುವುದಿಲ್ಲ

ನಮ್ಮ ಗಾದೆಗಳಲ್ಲಿ ಕೆಲವು ಮನುಷ್ಯನಿಗೆ ಬುದ್ಧಿ ಹೇಳುವುದಕ್ಕೆ ಹುಟ್ಟಿದವು. ಇನ್ನು ಕೆಲವು ಧೈರ್ಯ ಹೇಳುವುದಕ್ಕೆ ಹುಟ್ಟಿದವು. 'ಬೊಗಳುವ ನಾಯಿ ಕಚ್ಚುವುದಿಲ್ಲ' ಎಂಬುದು ಎರಡನೆಯ ಜಾತಿಗೆ ಸೇರಿದ್ದು. ನಾಯಿಯಿಂದ ದೂರದಲ್ಲಿ ನಿಂತವರು ಅದರ ಎದುರಿಗೆ ಸಿಕ್ಕಿಕೊಂಡವರಿಗೆ ಇದನ್ನು ಹೇಳುವುದೇ ಹೆಚ್ಚು. ಈ ಗಾದೆ ನಾಯಿಗೂ ಗೊತ್ತಿದೆಯೆ ಎಂದು ಕೇಳುವ ಹಳೆಯ ಹಾಸ್ಯವೊಂದುಂಟು. ನನ್ನ ಸಂಶಯ ಅದಲ್ಲ. ಗಾದೆ ನಿಜವೆಂದೇ ಒಪ್ಪಿಕೊಳ್ಳೋಣ. ಬೊಗಳುವ ನಾಯಿ ಕಚ್ಚುವುದಿಲ್ಲ. ಅಷ್ಟರಿಂದಲೇ ನಾವು ಕ್ಷೇಮವಾಗಿ ಮನೆ ಸೇರಿದಂತಾಯಿತೆ? ಕಚ್ಚುವುದೊಂದನ್ನು ಬಿಟ್ಟು ನಾಯಿ ಬೇರೆ ಏನೇನು ಮಾಡಬಲ್ಲದು, ಹಾಗೆ ಮಾಡಿದಾಗ ಅದರ ಯಜಮಾನನ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನು ಗಾದೆ ಎತ್ತುವುದಿಲ್ಲ. ಆ ಪ್ರಶ್ನೆಯನ್ನು ಈ ಕೆಲವು ಪುಟಗಳಲ್ಲಿ ವಾಚಕರ ಮುಂದಿಡಬೇಕೆಂದು ನನ್ನ ಆಸೆ. ನಾನು ಕಾನೂನು ಕಲಿತವನಲ್ಲ, ಬಿ.ಎ. ಎರಡನೆಯ ವರ್ಷದ ಸಾಮಾನ್ಯ ವಿದ್ಯಾರ್ಥಿ. ಆದರೆ ಕೆಲವು ವಿಷಯಗಳನ್ನು ನಾವಾಗಿ ಆರಿಸಿಕೊಂಡು ಕಲಿಯುವುದಿಲ್ಲ. ಅವೇ ಮನೆಯ ಬಾಗಿಲಿಗೆ ಬಂದು ಕಲಿಸಿ ಹೋಗುತ್ತವೆ.

ನಾಯಿಯ ಬಾಯಿಗೆ ಇಷ್ಟೊಂದು ಕುಖ್ಯಾತಿ ಬಂದದ್ದು ವಿನಾಕಾರಣವಲ್ಲ. ಹುಚ್ಚುನಾಯಿ ಕಡಿತವೆಂದರೆ ಮರಣವೆಂದೇ ಜನ ಸಾವಿರಾರು ವರ್ಷ ನಂಬಿದ್ದರು. ಆ ನಂಬಿಕೆ ಸುಳ್ಳೂ ಆಗಿರಲಿಲ್ಲ. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮಹಾಶಯನು ಕಡಿಸಿಕೊಂಡ ಬಾಲಕನೊಬ್ಬನಿಗೆ ಲಸಿಕೆ ಹಾಕಿ ಉಳಿಸಿದ ಮೇಲೆ ಈ ಭಯಕ್ಕೆ ಒಂದು ಮದ್ದು ದೊರೆಯಿತು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರನ ಹೆಸರಿನ ಸಂಸ್ಥೆ ಪ್ರಾರಂಭವಾಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡವರ ಕಥೆಯನ್ನು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಈಚೆಗೆ ತೋಳಿಗೆ ಹಾಕುವ ಕೆಲವೇ ಸೂಜಿಗಳಲ್ಲಿ ಅದು ಮುಗಿಯುತ್ತದೆ. ಹೀಗೆ ಕಡಿತಕ್ಕೆ ಔಷಧಿಯಿದೆ, ಆಸ್ಪತ್ರೆಯಲ್ಲಿ ಅದಕ್ಕೆ ಬೇರೆ ಚೀಟಿಯಿದೆ, ಪತ್ರಿಕೆಗಳಲ್ಲಿ ಅದಕ್ಕೊಂದು ಜಾಗವೂ ಇದೆ. ಹಲ್ಲು ತಾಗದೆ ಆದ ಪೆಟ್ಟಿಗೆ ಮಾತ್ರ ಹೆಸರೇ ಇಲ್ಲ. ಅದನ್ನು ನಾವು 'ಬಿದ್ದರು' ಎನ್ನುತ್ತೇವೆ. ಯಾರು ಬೀಳಿಸಿದರು ಎಂಬುದು ಆ ಮಾತಿನಲ್ಲಿ ಅಡಗಿಹೋಗುತ್ತದೆ.

ನಮ್ಮ ಸೀಮೆಯ ರಸ್ತೆಗಳಲ್ಲಿ ಓಡಾಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಂಜಾನೆ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶಕ್ಕೆ ಪಾಳಿಯ ಕೆಲಸಕ್ಕೆಂದು ಮೊಪೆಡ್ಡಿನಲ್ಲಿ ಹೊರಟವನ ಕಾಲಿನ ಬಳಿ ಒಂದು ನಾಯಿ ಬೊಗಳುತ್ತ ಓಡಿಬರುತ್ತದೆ. ಅದು ಕಚ್ಚುವುದಿಲ್ಲ; ಅದಕ್ಕೆ ಚಕ್ರದ ಜೊತೆಗೆ ಪಂದ್ಯ ಕಟ್ಟುವ ಚಪಲ. ಇವನು ಕಾಲು ಮೇಲೆತ್ತುತ್ತಾನೆ, ಹ್ಯಾಂಡಲು ತಿರುಗುತ್ತದೆ, ಹಿಂದೆ ಕುಳಿತ ಹೆಂಡತಿ ರಸ್ತೆಯ ಮೇಲಿರುತ್ತಾಳೆ. ನೆಲಮಂಗಲದಲ್ಲಿ ಎರಡು ಹೆದ್ದಾರಿಗಳು ಕೂಡುವ ಕಡೆ, ಹೊಸಕೋಟೆಯಿಂದ ಕೋಲಾರದ ಕಡೆಗೆ ಸಾಗುವ ದಾರಿಯಲ್ಲಿ, 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಹಗಲು ರಾತ್ರಿ ಎಚ್ಚರವಾಗಿರುವ ದೇವನಹಳ್ಳಿಯ ರಸ್ತೆಗಳಲ್ಲಿ, ನಾಯಿಯೊಂದು ಅಡ್ಡ ಬಂದರೆ ಸಾಕು. ಅದು ಯಾರನ್ನೂ ಮುಟ್ಟಬೇಕಾಗಿಲ್ಲ. ಶಾಲೆಗೆ ಹೋಗುವ ಮಗು ನಾಯಿಗೆ ಹೆದರಿ ಓಡಿ ಚರಂಡಿಗೆ ಬೀಳುವುದುಂಟು. ರಾತ್ರಿ ನಾಯಿ ನುಗ್ಗಿದ ಗಾಬರಿಗೆ ರೊಪ್ಪದ ಕುರಿಗಳು ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುವುದುಂಟು. ಇಲ್ಲೆಲ್ಲ ಹಲ್ಲಿನ ಗುರುತನ್ನು ಹುಡುಕಿದರೆ ಸಿಕ್ಕುವುದಿಲ್ಲ.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆಗೆ ಹೋಗುವ ಹಾದಿಯ ಬದಿಯಲ್ಲಿ ನಮ್ಮ ಹಳ್ಳಿ. ಘಾಟಿಯ ದನಗಳ ಜಾತ್ರೆಗೆ ಹೋಗುವವರು ಹಿಂದೆ ನಮ್ಮ ತೋಪಿನಲ್ಲಿ ಎತ್ತು ಬಿಚ್ಚಿ ನೀರು ಕುಡಿಸುತ್ತಿದ್ದರಂತೆ. ಈಗ ಆ ತೋಪಿನ ಪಕ್ಕದ ಹೊಲಗಳು ಬೆಂಗಳೂರಿನವರ ತೋಟದ ಮನೆಗಳಾಗಿವೆ. ಅವುಗಳಲ್ಲಿ ಒಂದರ ಯಜಮಾನರು ಒಂದು ಲ್ಯಾಬ್ರಡಾರ್ ನಾಯಿಯನ್ನು ಸಾಕಿದ್ದಾರೆ. ಕರುವಿನಷ್ಟು ಗಾತ್ರ, ಹಸುಗೂಸಿನ ಸ್ವಭಾವ. ಯಾರನ್ನು ಕಂಡರೂ ಅದಕ್ಕೆ ಸಂತೋಷ. ಸಂತೋಷವಾದರೆ ಮುಂಗಾಲೆರಡನ್ನೂ ಎತ್ತಿ ಎದೆಯ ಮೇಲಿಟ್ಟು ಮುಖ ನೆಕ್ಕುವುದು ಅದರ ಪದ್ಧತಿ. ಪತ್ರಿಕೆ ಹಂಚುವ ಹುಡುಗನ ಸೈಕಲ್ಲನ್ನು ಅದು ಎರಡು ಸಲ ಕೆಡವಿತ್ತು. ತೋಟದ ಕೂಲಿಗೆ ಬರುತ್ತಿದ್ದ ಹೆಂಗಸರು, "ಸಾಮಿ, ನಾಯಿ ಕಟ್ಟಿಹಾಕ್ಸಿ, ಮೈಮೇಲೆ ಬೀಳ್ತದೆ" ಎಂದು ಹೇಳಿಯೂ ಇದ್ದರು. "ಅದು ಏನೂ ಮಾಡಲ್ಲಮ್ಮ, ಆಟಕ್ಕೆ ಬರ್ತದೆ ಅಷ್ಟೆ" ಎಂಬ ಉತ್ತರವೂ ಬಂದಿತ್ತು.

ಕಳೆದ ವರ್ಷ ಕಾರ್ತೀಕ ಮಾಸದ ಒಂದು ಬೆಳಗಿನ ಜಾವ ನಮ್ಮ ಅಜ್ಜಿ ಎಂದಿನಂತೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದಳು. ಇಬ್ಬನಿ ದಟ್ಟವಾಗಿತ್ತು. ತೋಟದ ಮನೆಯ ಗೇಟು ತೆರೆದಿತ್ತು. ನಾಯಿ ಸಂತೋಷದಿಂದ ಓಡಿಬಂದಿತು. ಅಜ್ಜಿಗೆ ವಯಸ್ಸು ಎಪ್ಪತ್ತೆರಡು, ತೂಕ ನಲವತ್ತು ಕಿಲೋ. ಆಕೆ ಬಿದ್ದ ಮೇಲೂ ಅದು ಪಕ್ಕದಲ್ಲೇ ನಿಂತು ಬಾಲ ಅಲ್ಲಾಡಿಸುತ್ತ, ಚೆಲ್ಲಿದ ಹಾಲನ್ನು ನೆಕ್ಕುತ್ತಿತ್ತೆಂದು ನೋಡಿದವರು ಹೇಳಿದರು. ಸೊಂಟದ ಬಳಿ ತೊಡೆಯ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ ಪ್ರಶ್ನೆ, "ಕಚ್ಚಿತಾ?" ಎಂದು. ಇಲ್ಲವೆಂದೆವು. "ಸದ್ಯ" ಎಂದು ನರ್ಸಮ್ಮ ನಿಟ್ಟುಸಿರು ಬಿಟ್ಟರು. ಅವರ ಕಾಳಜಿ ನಿಜವಾದದ್ದು. ಊರಿನವರೂ ಬಂದು ನೋಡಿ ಅದನ್ನೇ ಹೇಳಿದರು: "ಸದ್ಯ, ಕಚ್ಚಲಿಲ್ಲವಲ್ಲ." ಕೊನೆಗೆ ತೋಟದ ಮನೆಯ ಯಜಮಾನರೂ ಬಂದರು. ಒಳ್ಳೆಯ ಮನುಷ್ಯರೇ, ಒಂದು ಬುಟ್ಟಿ ಹಣ್ಣು ತಂದಿದ್ದರು. ನಾಯಿಗೆ ವರ್ಷ ವರ್ಷವೂ ಲಸಿಕೆ ಹಾಕಿಸಿದ ಪುಸ್ತಕವನ್ನು ತೋರಿಸಿ ನಮ್ಮಪ್ಪನಿಗೆ ಧೈರ್ಯ ಹೇಳಿದರು. ಶಸ್ತ್ರಚಿಕಿತ್ಸೆಯ ಖರ್ಚಿನ ಮಾತು ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿ, ನಮ್ಮ ನಾಯಿ ಕಚ್ಚಿಲ್ಲವಲ್ಲ" ಎಂದರು. ಅದನ್ನು ಅವರು ಜಗಳದ ಧ್ವನಿಯಲ್ಲಿ ಹೇಳಲಿಲ್ಲ. ಲೆಕ್ಕದ ತಪ್ಪನ್ನು ತಿದ್ದುವವರಂತೆ ಹೇಳಿದರು. ನಮ್ಮಪ್ಪನಿಗೂ ಅದು ನ್ಯಾಯವೆಂದೇ ತೋರಿರಬೇಕು, ಏನೂ ಆಡಲಿಲ್ಲ. ಮರುವಾರ ನಮ್ಮ ಎರಡು ಸೀಮೆಹಸುಗಳಲ್ಲಿ ಒಂದನ್ನು 70,000 ರೂಪಾಯಿಗೆ ಮಾರಿದೆವು.

ಹಸುವನ್ನು ಟೆಂಪೋಗೆ ಹತ್ತಿಸಿ ಕಳಿಸಿದ ದಿನದಿಂದ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಕಚ್ಚದಿದ್ದರೆ ಹೊಣೆಯಿಲ್ಲ ಎಂಬುದು ಯಾವ ಶಾಸ್ತ್ರದಲ್ಲಿದೆ? ನಮ್ಮ ಕಡೆಯ ವಕೀಲರೊಬ್ಬರ ಕೋಣೆಗೆ ಹೋಗಿ ಕೇಳಿದೆ. ಅವರು ನಕ್ಕು, "ಏನಪ್ಪಾ, ಕಾನೂನಿನ ಪುಸ್ತಕದಲ್ಲಿ 'ಕಚ್ಚು' ಅನ್ನೋ ಪದವನ್ನೇ ಮೊದಲು ಹುಡುಕು ನೋಡೋಣ" ಎಂದು ಬೀರುವಿನಿಂದ ಪುಸ್ತಕ ತೆಗೆದು ಕೊಟ್ಟರು.

ಹುಡುಕಿದೆ. 1860ರ ಭಾರತೀಯ ದಂಡ ಸಂಹಿತೆಯ 289ನೆಯ ಕಲಮು ಪ್ರಾಣಿಗಳನ್ನು ಸಾಕುವವರ ಅಜಾಗರೂಕತೆಗೆ ಸಂಬಂಧಿಸಿದ್ದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 291ನೆಯ ಕಲಮಾಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವಾಗಲಿ, ತೀವ್ರವಾದ ಗಾಯದ ಅಪಾಯವಾಗಲಿ ಉಂಟಾಗುವ ಸಂಭವವಿದ್ದಾಗ, ಅದನ್ನು ತಡೆಯುವಷ್ಟು ಏರ್ಪಾಟನ್ನು ತಿಳಿದೂ ಮಾಡದೆ ಅಥವಾ ಅಲಕ್ಷ್ಯದಿಂದ ಮಾಡದೆ ಬಿಟ್ಟವನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ ಎಂಬುದು ಅದರ ತಾತ್ಪರ್ಯ. ದಂಡದ ಮಿತಿ ಹಿಂದೆ 1,000 ರೂಪಾಯಿ ಇದ್ದದ್ದು ಹೊಸ ಸಂಹಿತೆಯಲ್ಲಿ 5,000 ಆಗಿದೆ. ನಾಯಿ ಎಂದು ಅದರಲ್ಲಿ ಹೇಳಿಲ್ಲ. ಯಾವ ಪ್ರಾಣಿಯಾದರೂ ಸರಿ. ಹಲ್ಲು, ಕೊಂಬು, ಗೊರಸು ಯಾವುದರ ಪ್ರಸ್ತಾಪವೂ ಇಲ್ಲ. ಅಪಾಯವೆಂಬ ಒಂದೇ ಮಾತು ಇದೆ.

ಇಷ್ಟೇ ಆಗಿದ್ದರೆ ನಾನು ಪುಸ್ತಕ ಮುಚ್ಚಿ ಬರುತ್ತಿದ್ದೆ. ತೀವ್ರವಾದ ಗಾಯವೆಂದರೆ ಯಾವುದು ಎಂದು ವಕೀಲರು ಇನ್ನೊಂದು ಪುಟ ತಿರುವಿಸಿದರು. ಅಲ್ಲಿ ಒಂದು ಪಟ್ಟಿ ಇದೆ: ಕಣ್ಣು ಹೋಗುವುದು, ಕಿವಿ ಹೋಗುವುದು, ಅಂಗ ಊನವಾಗುವುದು, ಹೀಗೆ. ಅದರಲ್ಲಿ ಮೂಳೆ ಅಥವಾ ಹಲ್ಲು ಮುರಿಯುವುದು, ಕೀಲು ತಪ್ಪುವುದು ಎಂದು ಸ್ಪಷ್ಟವಾಗಿ ಬರೆದಿದೆ. ಇದು ಹಳೆಯ ಸಂಹಿತೆಯಲ್ಲೂ ಇತ್ತು, ಹೊಸದರಲ್ಲೂ ಇದೆ. ನಾಯಿಯ ಹಲ್ಲು ಮೀನಖಂಡಕ್ಕೆ ಮೇಲೆ ಮೇಲೆ ತಾಗಿ ಎರಡು ಹನಿ ರಕ್ತ ಬಂದರೆ ಕಾನೂನಿನ ಕಣ್ಣಿಗೆ ಅದು ಸಾಮಾನ್ಯ ಗಾಯವಾಗಬಹುದು. ಅದೇ ನಾಯಿಯ ಪ್ರೀತಿಯ ಅಪ್ಪುಗೆಯಿಂದ ಸೊಂಟ ಮುರಿದರೆ ಅದು ತೀವ್ರವಾದ ಗಾಯ. ಊರಿನವರ ತಕ್ಕಡಿಯೂ ಕಾನೂನಿನ ತಕ್ಕಡಿಯೂ ಇಲ್ಲಿ ತಲೆಕೆಳಗಾಗಿ ತೂಗುತ್ತಿದ್ದುವು. 'ಸದ್ಯ, ಕಚ್ಚಲಿಲ್ಲ' ಎಂದು ನಾವೆಲ್ಲರೂ ಸಮಾಧಾನಪಟ್ಟುಕೊಂಡ ಜಾಗದಲ್ಲಿಯೇ ಕಾನೂನು ಹುಬ್ಬು ಗಂಟಿಕ್ಕುತ್ತದೆ.

ಸೆರೆ, ದಂಡ ಇವು ಸರ್ಕಾರಕ್ಕೆ ಸೇರಿದ ಮಾತು. ದಂಡದ ಹಣದಿಂದ ಮಾರಿದ ಹಸು ಮರಳಿ ಕೊಟ್ಟಿಗೆಗೆ ಬರುವುದಿಲ್ಲ. ಅಪರಾಧ ಸಾಬೀತಾದ ಮೇಲೆ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. ಅದಲ್ಲದೆ ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರಕ್ಕೆ ದಾವೆ ಹೂಡುವ ದಾರಿ ಬೇರೆಯೇ ಇದೆ. ಈ ದಾರಿಗೆ ನಮ್ಮ ದೇಶದಲ್ಲಿ ಬರೆದಿಟ್ಟ ಸಂಹಿತೆಯಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳ ತೀರ್ಪುಗಳನ್ನು ನಮ್ಮ ನ್ಯಾಯಾಲಯಗಳು ನ್ಯಾಯ, ಸಮತೆ, ಒಳ್ಳೆಯ ಆತ್ಮಸಾಕ್ಷಿ ಎಂಬ ಜರಡಿಯಲ್ಲಿ ಶೋಧಿಸಿ ಬಳಸಿಕೊಂಡು ಬಂದಿವೆ. ಆದ್ದರಿಂದ ನಮ್ಮ ಅಜ್ಜಿಯ ಸೊಂಟದ ವಿಚಾರ ತಿಳಿಯಲು ನಾನು ಲಂಡನ್ನಿಗೆ ಹೋಗಬೇಕಾಯಿತು. ಪುಸ್ತಕದ ಮೂಲಕವೇ ಎಂದು ಬೇರೆ ಹೇಳಬೇಕಾಗಿಲ್ಲ.

ಹಳೆಯ ಇಂಗ್ಲಿಷ್ ನ್ಯಾಯದಲ್ಲಿ ನಾಯಿಯ ಯಜಮಾನನನ್ನು ಹಿಡಿಯುವುದು ಸುಲಭವಿರಲಿಲ್ಲ. ಆ ನಾಯಿ ಕ್ರೂರ ಸ್ವಭಾವದ್ದು ಎಂಬುದು ಯಜಮಾನನಿಗೆ ಮೊದಲೇ ತಿಳಿದಿತ್ತೆಂದು ತೋರಿಸಬೇಕಾಗಿತ್ತು. ಹಾಗಾದರೆ ಸಾಧು ನಾಯಿಯ ಗತಿ? ಇದಕ್ಕೆ ಹೋಲುವ ಕುದುರೆಯ ಮೊಕದ್ದಮೆಯೊಂದು ಇದೆ. ಹೊಲದ ಕಾಲುದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳನ್ನು ಎಳೆಯ ಹೆಣ್ಣುಕುದುರೆ ಕುಣಿದು ಬಂದು ಬೀಳಿಸಿತು. ಅದು ಆಟಕ್ಕೆ ಕುಣಿದದ್ದೇ ಹೊರತು ದ್ವೇಷಕ್ಕಲ್ಲ, ಆದ್ದರಿಂದ ಯಜಮಾನ ಹೊಣೆಯಲ್ಲ ಎಂದು 1963ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು. "ಆಟಕ್ಕೆ ಬರ್ತದೆ ಅಷ್ಟೆ" ಎಂಬ ನಮ್ಮ ತೋಟದ ಮನೆಯವರ ಮಾತಿಗೆ ಇಷ್ಟು ದೊಡ್ಡ ಆಧಾರವಿರುವುದನ್ನು ಕಂಡು ನನಗೆ ಎದೆ ಧಸಕ್ಕೆಂದಿತು.

ಆದರೆ ನ್ಯಾಯದ ಮನೆಗೆ ಒಂದೇ ಬಾಗಿಲಲ್ಲ. ಕ್ರೂರತೆಯ ಬಾಗಿಲು ಮುಚ್ಚಿದ್ದರೆ ಅಲಕ್ಷ್ಯದ ಬಾಗಿಲು ತೆರೆದಿರುತ್ತದೆ. 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮುಂದೆ ಒಂದು ವಿಚಿತ್ರ ಮೊಕದ್ದಮೆ ಬಂದಿತು. ಬೀದಿಯ ಬದಿಯಲ್ಲಿ ನಿಲ್ಲಿಸಿದ ಕಾರಿನೊಳಗೆ ಯಜಮಾನ ನಾಯಿಯನ್ನು ಬಿಟ್ಟು ಹೋಗಿದ್ದ. ನಾಯಿ ಒಳಗೇ ಬೊಗಳಿ ನೆಗೆದಾಡಿ ಗಾಜು ಒಡೆಯಿತು. ಪಕ್ಕದಲ್ಲಿ ನಡೆದು ಹೋಗುತ್ತಿದ್ದವನ ಕಣ್ಣಿಗೆ ಗಾಜಿನ ಚೂರು ಹೊಕ್ಕು ಕಣ್ಣೇ ಹೋಯಿತು. ಪಾಪ, ಅವನು ಸೋತ. ಇಂಥದು ನಡೆದೀತೆಂದು ವಿವೇಕವುಳ್ಳ ಯಾವ ಮನುಷ್ಯನೂ ಮುಂಗಾಣಲಾರ. ನಡೆಯಬಹುದಾದ್ದಕ್ಕೆ ಎಚ್ಚರ ವಹಿಸಬೇಕೇ ಹೊರತು ಕನಸಿನಲ್ಲೂ ತೋರದ್ದಕ್ಕಲ್ಲ ಎಂದು ನ್ಯಾಯಮೂರ್ತಿಗಳು ಹೇಳಿದರು. ಆದರೆ ಅದೇ ತೀರ್ಪಿನಲ್ಲಿ ಲಾರ್ಡ್ ಆಟ್ಕಿನ್ ಎಂಬವರು, ನಾಯಿ ಕ್ರೂರವಾಗಿರಲಿ ಸಾಧುವಾಗಿರಲಿ, ಅದನ್ನು ಇಟ್ಟುಕೊಂಡವನಿಗೆ ಇತರರಿಗೆ ಪೆಟ್ಟಾಗದಂತೆ ನೋಡಿಕೊಳ್ಳುವ ಸಾಮಾನ್ಯ ಕರ್ತವ್ಯ ಇದ್ದೇ ಇದೆಯೆಂದು ಸ್ಪಷ್ಟಪಡಿಸಿದರು. ಪಾನೀಯದ ಸೀಸೆಯಲ್ಲಿ ಬಸವನಹುಳು ಸಿಕ್ಕಿದ ಪ್ರಸಿದ್ಧ ಮೊಕದ್ದಮೆಯಲ್ಲಿ 'ನನ್ನ ನೆರೆಯವನಾರು?' ಎಂಬ ಪ್ರಶ್ನೆಯೆತ್ತಿ ಉತ್ತರ ಹೇಳಿದ ಆಟ್ಕಿನ್ ಇವರೇ, ಅದೂ 1932ರದೇ. ನನ್ನ ನಡತೆಯಿಂದ ಯಾರಿಗೆ ಪೆಟ್ಟಾದೀತೆಂದು ನಾನು ಮೊದಲೇ ಯೋಚಿಸಬಹುದೋ ಅವರೆಲ್ಲ ನನ್ನ ನೆರೆಯವರು ಎಂಬುದು ಆ ಉತ್ತರದ ಸಾರ.

ಕಣ್ಣು ಕಳೆದುಕೊಂಡವನು ಸೋತರೂ ಅವನ ಮೊಕದ್ದಮೆಯಲ್ಲಿ ಉಳಿದ ಸೂತ್ರದಿಂದ ಮುಂದಿನವರು ಗೆದ್ದರು. 1937ರಲ್ಲಿ ಉದ್ದನೆಯ ಹಗ್ಗದ ಸಮೇತ ಕೈತಪ್ಪಿ ಓಡಿದ ನಾಯಿಯಿಂದ ದಾರಿಹೋಕರೊಬ್ಬರು ಬಿದ್ದಾಗ ನಾಯಿ ಹಿಡಿದಿದ್ದವರೇ ಹೊಣೆಯೆಂದು ತೀರ್ಪಾಯಿತು. 1962ರಲ್ಲಿ, ಅಂಗಡಿಯಿಂದ ಹಗ್ಗವಿಲ್ಲದೆ ಹೊರಗೆ ಬಂದ ಸೇಂಟ್ ಬರ್ನಾರ್ಡ್ ಎಂಬ ಭಾರಿ ನಾಯಿ ರಸ್ತೆಗೆ ನುಗ್ಗಿ ವ್ಯಾನಿಗೆ ಡಿಕ್ಕಿ ಹೊಡೆದಾಗ, ವ್ಯಾನಿನ ನಷ್ಟವನ್ನು ನಾಯಿಯ ಯಜಮಾನ ತುಂಬಬೇಕಾಯಿತು. ಈ ಮೂರು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ. ಕೇಳಬೇಕಾದದ್ದು ಕಚ್ಚಿತೆ ಎಂದಲ್ಲ. ಯಜಮಾನ ಮುಂಗಾಣಬಹುದಾಗಿತ್ತೆ ಎಂದು. ಎರಡು ಸಲ ಸೈಕಲ್ಲು ಕೆಡವಿದ ನಾಯಿ, ಕೂಲಿಯ ಹೆಂಗಸರು ಹೇಳಿದ ಎಚ್ಚರಿಕೆ, ತೆರೆದ ಗೇಟು, ದಿನವೂ ಅದೇ ಹೊತ್ತಿಗೆ ಡೈರಿಗೆ ಹೋಗುವ ಮುದುಕಿ: ಇದರಲ್ಲಿ ಕನಸಿನಲ್ಲೂ ತೋರದ್ದು ಯಾವುದಿದೆ?

ದೇಶ ದೇಶಗಳು ಈ ಗಂಟನ್ನು ಬೇರೆ ಬೇರೆಯಾಗಿ ಬಿಡಿಸಿಕೊಂಡಿವೆ. ಫ್ರಾನ್ಸಿನಲ್ಲಿ 1804ರ ಸಿವಿಲ್ ಸಂಹಿತೆಯಿಂದಲೂ ಪ್ರಾಣಿ ಮಾಡಿದ ಹಾನಿಗೆ, ಅದು ತಪ್ಪಿಸಿಕೊಂಡು ಹೋಗಿದ್ದರೂ ಕೂಡ, ಯಜಮಾನನೇ ಬಾಧ್ಯ. ಜರ್ಮನಿಯಲ್ಲೂ ಮನೆಯ ಶೋಕಿಗೆ ಸಾಕಿದ ಪ್ರಾಣಿಯ ವಿಷಯದಲ್ಲಿ ಹಾಗೆಯೇ. ಹೊಟ್ಟೆಪಾಡಿನ ಕಸುಬಿಗೆ ಸಾಕಿದ್ದಾದರೆ ತಕ್ಕ ಎಚ್ಚರ ವಹಿಸಿದ್ದೆನೆಂದು ತೋರಿಸಿ ಪಾರಾಗಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಚ್ಚಿದರೆ ಯಜಮಾನ ಬೇರೆ ಮಾತಿಲ್ಲದೆ ಹೊಣೆ. ಬೀಳಿಸಿದರೆ ಅಲಕ್ಷ್ಯವನ್ನು ಸಾಬೀತುಪಡಿಸಬೇಕು. ನಮ್ಮ ಊರಿನವರ ತಕ್ಕಡಿ ಅಲ್ಲಿಗೂ ಹೋಗಿದೆಯೆಂದಾಯಿತು.

ಇಷ್ಟು ದೂರ ತಿರುಗಿ ಬಂದ ಮೇಲೆ, ನಮ್ಮವರು ಏನು ಹೇಳಿದ್ದರು ಎಂದು ನಮ್ಮ ಸಂಸ್ಕೃತ ಅಧ್ಯಾಪಕರನ್ನು ಕೇಳಿದೆ. ಅವರು ಯಾಜ್ಞವಲ್ಕ್ಯ ಸ್ಮೃತಿಯನ್ನು ತೆಗೆದರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ನಾಡಿನ ವಿಜ್ಞಾನೇಶ್ವರನು ಮಿತಾಕ್ಷರವೆಂಬ ಟೀಕೆ ಬರೆದದ್ದು ಇದಕ್ಕೇ. ಅದರಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲಿವೆ. 'ಸರಿದು ಹೋಗು' ಎಂದು ಕೂಗಿ ಎಚ್ಚರಿಸಿದವನಿಗೆ ಅವನ ನಾಲ್ಕುಕಾಲಿನ ಪ್ರಾಣಿಯಿಂದಾದ ದೋಷವಿಲ್ಲ ಎಂಬುದು ಒಂದು. ಕೋರೆಯಿರುವ, ಕೊಂಬಿರುವ ಪ್ರಾಣಿಗಳಿಂದ ಇನ್ನೊಬ್ಬನನ್ನು ಬಿಡಿಸುವ ಶಕ್ತಿಯಿದ್ದೂ ಬಿಡಿಸದ ಯಜಮಾನನಿಗೆ ದಂಡ. ಸಿಕ್ಕಿಕೊಂಡವನು ಕೂಗಿಕೊಂಡರೂ ಬಿಡಿಸದಿದ್ದರೆ ಅದರ ಎರಡರಷ್ಟು ದಂಡ ಎಂಬುದು ಇನ್ನೊಂದು. ಎಷ್ಟು ಸರಳವಾದ ವಿಚಾರ! ಹೊಣೆಯ ತೂಕ ಪ್ರಾಣಿಯ ಹಲ್ಲಿನಲ್ಲಿಲ್ಲ, ಯಜಮಾನನ ಕಿವಿಯಲ್ಲಿದೆ. ಕೂಗು ಕೇಳಿಸಿತೆ, ಕೇಳಿಸಿದ ಮೇಲೆ ಏನು ಮಾಡಿದ ಎಂಬುದೇ ಪ್ರಶ್ನೆ.

ನಾಯಿಯ ಮೇಲೆ ನನಗೆ ಕೋಪವಿದೆಯೆಂದು ಯಾರೂ ತಿಳಿಯಬಾರದು. ಕನ್ನಡನಾಡು ನಾಯಿಗೆ ಕಲ್ಲು ನೆಡಿಸಿದ ನಾಡು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಗಂಗ ಬೂತುಗನು ಮೆಚ್ಚಿ ಏನು ಬೇಕೆಂದಾಗ ವೀರ ಮಣಲೆರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಕ್ರಿ.ಶ. 949-50ರಲ್ಲಿ ಕಲ್ಲು ನೆಡಿಸಿದರು. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಕೀರ್ತಿಯನ್ನು ಮಣಲೆರ ತನ್ನದೆಂದುಕೊಂಡ. ಅಪಕೀರ್ತಿ ಬಂದಾಗಲೂ ಅದು ತನ್ನದೇ ಎಂದುಕೊಳ್ಳುವವನೇ ನಿಜವಾದ ಯಜಮಾನ ಎಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ತೊಡಕಾಗುವುದು ಇಲ್ಲಿಯೇ. ಹಳ್ಳಿಯ ಎಷ್ಟೋ ನಾಯಿಗಳಿಗೆ ಯಜಮಾನನಾರೆಂದು ಹೇಳುವುದು ಕಷ್ಟ. ಒಬ್ಬರ ಮನೆಯ ಮುದ್ದೆ ತಿಂದು, ಇನ್ನೊಬ್ಬರ ಜಗಲಿಯ ಮೇಲೆ ಮಲಗಿ, ಮೂರನೆಯವರ ರಾಗಿಯ ಕಣ ಕಾಯುತ್ತವೆ. ಕಳ್ಳನನ್ನು ಓಡಿಸಿದ ದಿನ 'ನಮ್ಮ ನಾಯಿ'. ದಾರಿಹೋಕನನ್ನು ಬೀಳಿಸಿದ ದಿನ 'ಬೀದಿ ನಾಯಿ'. ಬೆಳೆಗೆ ನುಗ್ಗಿದ ದನ, ಕುರಿ, ಕತ್ತೆ, ಹಂದಿಗಳನ್ನು ದೊಡ್ಡಿಗೆ ಹೊಡೆದು ದಂಡ ವಸೂಲು ಮಾಡುವುದಕ್ಕೆ 1871ರಷ್ಟು ಹಿಂದೆಯೇ ಶಾಸನ ಬಂದಿತು. ಆನೆ, ಒಂಟೆಗಳೂ ಆ ಪಟ್ಟಿಯಲ್ಲಿ ಇವೆ, ನಾಯಿ ಇಲ್ಲ. ಈಚೆಗೆ ನ್ಯಾಯಾಲಯಗಳ ಗಮನ ಇತ್ತ ಹರಿದಿದೆ. 2023ರ ನವೆಂಬರಿನಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ಬೀದಿಯ ಪ್ರಾಣಿಗಳಿಂದಾಗುವ ಅಪಘಾತಗಳಿಗೆ ಪರಿಹಾರ ಕೊಡಲು ಜಿಲ್ಲೆಗೊಂದು ಸಮಿತಿ ಇರಬೇಕೆಂದು ಆಜ್ಞೆ ಮಾಡಿತು; ನಾಯಿಯ ಒಂದೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ ಎಂದೂ ನಿಗದಿ ಮಾಡಿತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಯ ನಾಯಿಗಳನ್ನು ಕ್ರೂರವೆಂದು ನಿಷೇಧಿಸಲು ಸುತ್ತೋಲೆ ಹೊರಡಿಸಿದಾಗ, ಸಂಬಂಧಪಟ್ಟವರನ್ನು ವಿಚಾರಿಸದೆ ಹೊರಡಿಸಿದ್ದೆಂದು ಏಪ್ರಿಲಿನಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯಾಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ಬೇರೆಡೆಗೆ ಸಾಗಿಸಬೇಕೆಂದಿತು. ಇವೆಲ್ಲವೂ ದೊಡ್ಡ ವಿಚಾರಗಳೇ. ಆದರೆ ಮಾತು ಹೆಚ್ಚಾಗಿ ಹಲ್ಲು, ತಳಿ, ಬೀದಿ ಇವುಗಳ ಸುತ್ತಲೇ ತಿರುಗುತ್ತದೆ. ನಿಷೇಧದ ಆ ಪಟ್ಟಿಯಲ್ಲಿ ಲ್ಯಾಬ್ರಡಾರ್ ಇರಲಿಲ್ಲ. ಅದು ಕ್ರೂರವಲ್ಲ, ಬೀದಿಯದಲ್ಲ, ಹಲ್ಲೂ ಊರಲಿಲ್ಲ.

ನಮ್ಮ ವಿಷಯ ಏನಾಯಿತೆಂದು ವಾಚಕರು ಕೇಳಬಹುದು. ದಾವೆ ಹೂಡಲು ಅಪ್ಪ ಒಪ್ಪಲಿಲ್ಲ. "ತೀರ್ಪು ಬರೋ ಹೊತ್ತಿಗೆ ಆ ನಾಯೀನೂ ಇರಲ್ಲ, ನಾನೂ ಇರಲ್ಲ" ಎಂದ. ವಕೀಲರು ಒಂದು ನೋಟೀಸು ಕಳಿಸಿದರು. ಅದರಲ್ಲಿ ಬೈಗುಳವಿರಲಿಲ್ಲ, ಕಲಮುಗಳ ಸಂಖ್ಯೆ, ಸೈಕಲ್ ಹುಡುಗನ ಮಾತು, ಹೆಂಗಸರ ಎಚ್ಚರಿಕೆ, ಆಸ್ಪತ್ರೆಯ ಚೀಟಿ, ಇಷ್ಟೇ. ಬಿದ್ದ ಕಾರಣವನ್ನು ವೈದ್ಯರು ಮೊದಲ ದಿನವೇ ಚೀಟಿಯಲ್ಲಿ ಬರೆದಿದ್ದುದು ದೊಡ್ಡ ಉಪಕಾರವಾಯಿತು. ಹತ್ತು ದಿನದಲ್ಲಿ ಯಜಮಾನರು ಬಂದರು. ಅಶ್ವತ್ಥಕಟ್ಟೆಯ ಮೇಲೆ ಊರಿನ ನಾಲ್ವರು ಕುಳಿತರು. ಆಸ್ಪತ್ರೆಯ ಖರ್ಚನ್ನು ಅವರು ಕೊಟ್ಟರು. ಆರು ತಿಂಗಳ ಹಾಲು, ಅಜ್ಜಿಯ ಕಾಲು ಇವು ಲೆಕ್ಕಕ್ಕೆ ಬರಲಿಲ್ಲ. "ನಾಯಿಯನ್ನು ಬೇಕಾದರೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ" ಎಂದು ಅವರು ಹೇಳಿದಾಗ, ಮನೆಯೊಳಗೆ ಮಂಚದ ಮೇಲೆ ಕುಳಿತಿದ್ದ ಅಜ್ಜಿಗೆ ಯಾರೋ ಅದನ್ನು ಮುಟ್ಟಿಸಿದರು. ಅಜ್ಜಿ ನನ್ನನ್ನು ಕರೆದು, "ನಾಯಿ ಯಾಕೆ ಕೊಡ್ತಾರೆ ಮಗ, ಅದ್ಕೇನು ಗೊತ್ತು? ಗೇಟು ಹಾಕ್ಕೊಳಕ್ಕೆ ಹೇಳು" ಎಂದಳು. ನಾನು ಹೋಗಿ ಹೇಳಿದೆ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಈಗ ಆ ಗೇಟಿಗೆ ತಾನಾಗಿಯೇ ಮುಚ್ಚಿಕೊಳ್ಳುವ ಸ್ಪ್ರಿಂಗು ಹಾಕಿಸಿದ್ದಾರೆ. ಅಜ್ಜಿ ಊರುಗೋಲು ಹಿಡಿದು ಅಂಗಳದವರೆಗೆ ಬರುತ್ತಾಳೆ. ಹಾಲನ್ನು ಡೈರಿಗೆ ನನ್ನ ತಂಗಿ ಹಾಕಿ, ಆಮೇಲೆ ಶಾಲೆಗೆ ಓಡುತ್ತಾಳೆ.

ಮಿತ್ರರೇ, ಆರು ತಿಂಗಳ ಸೆರೆಯ ಕಲಮನ್ನೂ ಲಂಡನ್ನಿನ ತೀರ್ಪುಗಳನ್ನೂ ಹುಡುಕಿದ ನನಗೆ ದೊರೆತ ಸಾರಾಂಶ ಬಹು ಚಿಕ್ಕದು. ನಾಯಿ ಸಾಕುವವರು ಅದು ಸಾಧುವೆ, ಕ್ರೂರವೆ ಎಂದು ಮಾತ್ರ ನೋಡಿಕೊಂಡರೆ ಸಾಲದು. ಅದರ ತೂಕವೆಷ್ಟು, ತಮ್ಮ ಬಾಗಿಲ ಮುಂದೆ ಹಾದುಹೋಗುವವರ ಕಾಲಿನ ಬಲವೆಷ್ಟು ಎಂಬುದನ್ನೂ ನೋಡಬೇಕು. ಪೆಟ್ಟು ತಿಂದವರು 'ಬಿದ್ದೆ' ಎಂದಷ್ಟೇ ಹೇಳಿ ಸುಮ್ಮನಾಗಬಾರದು; ಹೇಗೆ ಬಿದ್ದೆನೆಂಬುದನ್ನು ಅಂದೇ ವೈದ್ಯರ ಚೀಟಿಯಲ್ಲಿ ಬರೆಸಬೇಕು, ನೋಡಿದವರ ಹೆಸರನ್ನು ಗುರುತು ಹಾಕಿಕೊಳ್ಳಬೇಕು. ಊರಿನ ಪಂಚಾಯಿತಿಯಲ್ಲಿ ಕುಳಿತುಕೊಳ್ಳುವವರು, ಅಂದರೆ ಇನ್ನು ಹತ್ತು ವರ್ಷಕ್ಕೆ ನಾವೇ, 'ಕಚ್ಚಿತಾ?' ಎಂಬ ಪ್ರಶ್ನೆಯನ್ನು ಕೇಳಿದ ಮೇಲೆ ಇನ್ನೊಂದನ್ನೂ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು: ಇದು ಹೀಗಾದೀತೆಂದು ಯಾರಿಗಾದರೂ ಮೊದಲೇ ತಿಳಿದಿತ್ತೆ? ನಮ್ಮ ಹಳ್ಳಿಗಳ ಪಕ್ಕದಲ್ಲಿ ದಿನಕ್ಕೊಂದು ಹೊಸ ಕಾಂಪೌಂಡು ಏಳುತ್ತಿದೆ, ಅದರೊಳಗೆ ನಮಗೆ ಪರಿಚಯವಿಲ್ಲದ ಹೊಸ ನೆರೆಯವರು ಬರುತ್ತಿದ್ದಾರೆ. ಅವರಿಗೂ ನಮಗೂ ನಡುವೆ ಇರುವ ಗೇಟನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಇಬ್ಬರೂ ಕೂತು ಮಾತಾಡಿಕೊಳ್ಳುವುದಕ್ಕೆ ಯಾರದಾದರೂ ಮೂಳೆ ಮುರಿಯುವವರೆಗೆ ಕಾಯಬೇಕಾಗಿಲ್ಲ.